ಸಹಾಯ ಬೇಕು: ಅಮ್ಮನ ಚಿ ಕುಂಗ್ ಅಭ್ಯಾಸದ ಬಗ್ಗೆ

ಸಿಂಗಪುರದ ನಮ್ಮ ವಸತಿ ಸಮುಚ್ಚಯದ ಕೆಳಗೆ ಬೆಳಿಗ್ಗೆ ಚೀನೀ ಹಿರಿಯರು ‘ಬಾದುವಾನ್‌ಜಿನ್’ ಎಂಬ 8 ಚಲನೆಗಳ ಚಿ ಕುಂಗ್ (ಉಸಿರಾಟದ ಜೊತೆ ನಿಧಾನವಾಗಿ ಮೈ ಚಲಿಸುವ ಚೀನೀ ವ್ಯಾಯಾಮ) ಮಾಡುತ್ತಾರೆ. ಧಾರವಾಡದಿಂದ ಬಂದಿರುವ ಅಮ್ಮ ಅವರ ಜೊತೆ ಸೇರಿಕೊಂಡ ಮೇಲೆ ಬಹಳ ಗೆಲುವಾಗಿದ್ದಾರೆ. ಅಂಗೈಗಳನ್ನು ಆಕಾಶದತ್ತ ಒತ್ತುವಾಗ ಉಸಿರು ಒಳಗೆ, ಇಳಿಸುವಾಗ ಹೊರಗೆ. ಇದು ಅವರಿಗೆ ಆಗಲೇ ರೂಢಿಯಾಗಿದೆ. ಬಿಲ್ಲು ಎಳೆಯುವ ಭಂಗಿಯಂತೂ ಅಚ್ಚುಮೆಚ್ಚು. ನೋವಿರುವುದರಿಂದ ಅದರಲ್ಲಿ ಮಂಡಿಗಳನ್ನು ತುಸುವೇ ಬಗ್ಗಿಸುತ್ತಾರೆ.

ನನ್ನ ಚಿಂತೆಯೆಲ್ಲ ಕೊನೆಯ ಚಲನೆಯದು. ಹಿಮ್ಮಡಿಗಳನ್ನು ಮೇಲೆತ್ತಿ ನೆಲಕ್ಕೆ ಧೊಪ್ಪೆಂದು ಬಿಡಬೇಕು, ಅದೂ 7 ಸಲ. ಅಮ್ಮನಿಗೆ ಮೂಳೆ ಟೊಳ್ಳಾಗುವ ತೊಂದರೆಯಿದೆ. ವೈದ್ಯರನ್ನು ಕಾಣಲಿದ್ದೇವೆ, ಅನುಭವಸ್ಥರ ಮಾತೂ ಬೇಕು. ಹಿಮ್ಮಡಿಯನ್ನು ಮೆಲ್ಲಗೆ ಇಳಿಸಿದರೆ ಸಾಕೇ? ಕುರ್ಚಿ ಹಿಡಿದುಕೊಳ್ಳಬಹುದೇ? ಇಲ್ಲಿ ಕನ್ನಡದಲ್ಲಿ ಕಲಿಸುವವರಿದ್ದರೆ ದಯವಿಟ್ಟು ತಿಳಿಸಿ, ಅಮ್ಮನಿಗೆ ಬೇರೆ ಭಾಷೆ ಬಾರದು.