ಹೊಂಗೆಮರದ ಸಾಲು ಹೋಯಿತು, ನಮ್ಮನ್ನು ಕೇಳಿದವರು ಯಾರು?

ಮನೆ 214 (ಬೆಳಿಗ್ಗೆ 5:40): ರಾತ್ರಿ ಎರಡಕ್ಕೆ ಗರಗಸ ಶುರುವಾಯಿತು, ನಾಲ್ಕಕ್ಕೆ ನಮ್ಮ ಸಾಲಿನ ಹೊಂಗೆಮರಗಳೆಲ್ಲ ನೆಲಕ್ಕೆ. ಕೇಳಲು ಹೋದರೆ ಗುತ್ತಿಗೆದಾರನ ಕಡೆಯವನು, "ಆದೇಶ ಇದೆ ಮೇಡಂ, ಒಳಗೆ ಹೋಗಿ ಮಲಗಿ" ಎನ್ನುತ್ತಾನೆ. ಬಡಾವಣೆಯ ಈ ವಾಟ್ಸಾಪ್ ಗುಂಪಿನಲ್ಲಿ ಮುನ್ನೂರು ಜನರಿದ್ದೀರಿ, ಒಬ್ಬರೂ ದೀಪ ಹಾಕಲಿಲ್ಲ!

ಮನೆ 88: ಶುಭೋದಯ 🌹 ಪ್ರಕೃತಿಯೇ ದೇವರು. ಹತ್ತು ಜನರಿಗೆ ಕಳುಹಿಸಿ.

ಮನೆ 214: ಆ ದೇವರನ್ನೇ ಲಾರಿಗೆ ಹೇರುತ್ತಿದ್ದಾರೆ ಸ್ವಾಮಿ, ಬಂದು ನೋಡಿ.

ಇಂಜಿನಿಯರ್ ರಾಯರು, 6ನೇ ಅಡ್ಡರಸ್ತೆ: ರಸ್ತೆ ಅಗಲವಾಗಲಿ ಎಂದು ಮನವಿ ಕೊಟ್ಟವರೂ ನೀವೇ. ಕಾರ್ಯದರ್ಶಿಗಳು ಪತ್ರಿಕೆ ಓದುವುದನ್ನು ಬಿಟ್ಟಿದ್ದಾರೆಯೇ?

ಕಾರ್ಯದರ್ಶಿ: ಮರ ಕಡಿಯುವ ಪ್ರಕಟಣೆ ಪತ್ರಿಕೆಯಲ್ಲಿ ಬಂದೇ ಇಲ್ಲ ಸರ್. ಎರಡು ವರ್ಷದ ಚಂದಾ ಬಾಕಿ ಇಟ್ಟವರಿಗೆ ಉತ್ತರ ಕೊಡಬೇಕಾಗಿಯೂ ಇಲ್ಲ.

ಇಂಜಿನಿಯರ್ ರಾಯರು: ಮೊದಲು ಗಣೇಶೋತ್ಸವದ ಲೆಕ್ಕ ತೋರಿಸಿ, ಆಮೇಲೆ ಚಂದಾ.

ಮೂಲೆಮನೆ ಮೇಷ್ಟ್ರು: ಲೆಕ್ಕದ ಜಗಳ ಆಮೇಲಾಗಲಿ. 1976ರ ವೃಕ್ಷ ಸಂರಕ್ಷಣಾ ಕಾಯ್ದೆಯಂತೆ 50ಕ್ಕಿಂತ ಹೆಚ್ಚು ಮರ ಕಡಿಯುವುದಾದರೆ ವೃಕ್ಷಾಧಿಕಾರಿ ಸಾರ್ವಜನಿಕ ಪ್ರಕಟಣೆ ಕೊಟ್ಟು, ಆಕ್ಷೇಪಣೆ ಆಲಿಸಿ, ನಂತರ ತೀರ್ಮಾನಿಸಬೇಕು. ನಿನ್ನೆ ಸಂಜೆ ಕಾಂಡಗಳ ಮೇಲೆ ಬಿಳಿ ಬಣ್ಣದಲ್ಲಿ ಬರೆದ ಸಂಖ್ಯೆ ಓದುತ್ತಾ ನಡೆದೆ. ದೇವಸ್ಥಾನದವರೆಗೆ 1ರಿಂದ 48. ದೇವಸ್ಥಾನ ದಾಟಿದರೆ ಮತ್ತೆ 1! ರಸ್ತೆ ಒಂದೇ, ಕಡತ ಎರಡು ಇರಬೇಕು. ಹೀಗೆ ತುಂಡು ಮಾಡಿದರೆ ನಮ್ಮನ್ನು ಕೇಳುವ ಪ್ರಮೇಯವೇ ಇಲ್ಲ.

ಮಹಡಿಮನೆ: ಬೆಂಗಳೂರಿನ ಉಕ್ಕಿನ ಮೇಲ್ಸೇತುವೆಗೆ 812 ಮರ ಹೋಗುವುದಿತ್ತು. 2016ರ ಅಕ್ಟೋಬರ್‌ನಲ್ಲಿ ಜನ ಮಾನವ ಸರಪಳಿ ಮಾಡಿ ನಿಂತರು, ಮಾರ್ಚ್‌ನಲ್ಲಿ ಸರ್ಕಾರವೇ ಕೈಬಿಟ್ಟಿತು.

ಇಂಜಿನಿಯರ್ ರಾಯರು: ನಾವು ಅಡ್ಡ ನಿಂತರೆ ಕಸದ ಗಾಡಿಯೂ ನಿಲ್ಲುವುದಿಲ್ಲ.

ಮೂಲೆಮನೆ ಮೇಷ್ಟ್ರು: ದೇವಸ್ಥಾನದ ಆಚೆಗಿನವು ಇನ್ನೂ ನಿಂತಿವೆ. ಮರದ ಸಂಖ್ಯೆ ಸಮೇತ ಲಿಖಿತ ಆಕ್ಷೇಪಣೆ ಇಂದೇ ಕೊಡೋಣ. ಹತ್ತು ರೂಪಾಯಿ ಕಟ್ಟಿ ಮಾಹಿತಿ ಹಕ್ಕಿನಲ್ಲಿ ಕಡತಗಳನ್ನೂ ಕೇಳೋಣ. ಯಾರು ಸಹಿ ಹಾಕುತ್ತೀರಿ?

ಇಂಜಿನಿಯರ್ ರಾಯರು: ಮಾಹಿತಿ ಹಕ್ಕಿನ ಅರ್ಜಿ ನನಗೆ ಬಿಡಿ. ನಾಲ್ಕು ಪುಟ ಬರೆದು ಲಗತ್ತಿಸಿದ್ದೇನೆ. ಒಳಚರಂಡಿ, ಬೀದಿದೀಪ, ನಿವೇಶನ ಹಂಚಿಕೆ ಎಲ್ಲವೂ ಇದೆ.

ಮೂಲೆಮನೆ ಮೇಷ್ಟ್ರು: ರಾಯರೇ, ನಮ್ಮ ರಾಜ್ಯದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದ. ನಿಮ್ಮ ಪೀಠಿಕೆಯೇ ಅದನ್ನು ಮೀರಿದೆ.

ಇಂಜಿನಿಯರ್ ರಾಯರು: ಹಾಗಾದರೆ ನೀವೇ ಬರೆದುಕೊಳ್ಳಿ. ನನಗೇನು?

ಮನೆ 131: ಮರ ಹೋದ ಜಾಗದಲ್ಲಿ ಯಾರೋ ಆಗಲೇ ಬಿಳಿ ಕಾರು ತಂದು ನಿಲ್ಲಿಸಿದ್ದಾರೆ. ಗೇಟು ತೆಗೆಯಲು ಆಗುತ್ತಿಲ್ಲ!

ಮನೆ 88: ಅದು 6ನೇ ಅಡ್ಡರಸ್ತೆಯವರದು.

ಇಂಜಿನಿಯರ್ ರಾಯರು: ಐದು ನಿಮಿಷಕ್ಕೆ ನಿಲ್ಲಿಸಿದ್ದು.

ಮನೆ 214: ಓಹೋ!

ಕಾರ್ಯದರ್ಶಿ: ಭಾನುವಾರ 10ಕ್ಕೆ ವಾಹನ ನಿಲುಗಡೆ ಕುರಿತು ತುರ್ತು ಸಭೆ. ಎಲ್ಲರೂ ಬನ್ನಿ.

ಮೂಲೆಮನೆ ಮೇಷ್ಟ್ರು: ಆಕ್ಷೇಪಣೆ ಪತ್ರ ನಮ್ಮ ಮನೆಯಲ್ಲಿದೆ. ಈವರೆಗೆ ಮೂರು ಸಹಿ.

ಮನೆ 88: ಸಭೆಗೇ ತಂದುಬಿಡಿ ಮೇಷ್ಟ್ರೇ.

ಇಂಜಿನಿಯರ್ ರಾಯರು: ಕಾರ್ಯಸೂಚಿ ನಾನು ಸಿದ್ಧಪಡಿಸುತ್ತೇನೆ.