ಅಲ್ಸರೇಟಿವ್ ಕೊಲೈಟಿಸ್ ಇರುವವರು ಪ್ರೊಬಯಾಟಿಕ್ ಕ್ಯಾಪ್ಸೂಲ್ ನಂಬಿ ಮಾತ್ರೆ ಬಿಡಬಹುದೇ?

ಪ್ರಶ್ನೆ: ವಿಜಯಪುರದಿಂದ

ತಿಕೋಟಾ ಭಾಗದಲ್ಲಿ ದ್ರಾಕ್ಷಿ ತೋಟ ನೋಡಿಕೊಂಡಿರುವ ನನ್ನ ತಮ್ಮನಿಗೆ ಕಳೆದ ವರ್ಷ ಕೊಲೊನೋಸ್ಕೋಪಿ ಮಾಡಿ ಅಲ್ಸರೇಟಿವ್ ಕೊಲೈಟಿಸ್ (ದೊಡ್ಡಕರುಳಿನ ಒಳಪದರದಲ್ಲಿ ಉರಿಯೂತ, ಹುಣ್ಣು ಆಗುವ ಕಾಯಿಲೆ) ಇದೆಯೆಂದು ಹೇಳಿದರು. ಉರಿಯೂತ ತಗ್ಗಿಸುವ ಮೆಸಲಮೈನ್ ಮಾತ್ರೆ ಆರಂಭಿಸಿದ ಮೇಲೆ ಮಲದಲ್ಲಿ ರಕ್ತ ಮತ್ತು ಲೋಳೆ ಹೋಗುವುದು ನಿಂತಿದೆ, ಇಳಿದಿದ್ದ ತೂಕವೂ ಸ್ವಲ್ಪ ಮರಳಿದೆ. ಈಗ ಬೀಗರೊಬ್ಬರು, ಜೀವನಪೂರ್ತಿ ಮಾತ್ರೆ ನುಂಗುವ ಬದಲು ಒಳ್ಳೆಯ ಬ್ಯಾಕ್ಟೀರಿಯಾ ಇರುವ ಕ್ಯಾಪ್ಸೂಲ್ ತೆಗೆದುಕೊಂಡರೆ ಕರುಳು ತಾನಾಗಿಯೇ ಗುಣವಾಗುತ್ತದೆ ಎನ್ನುತ್ತಿದ್ದಾರೆ. ತಮ್ಮನ ಮನಸ್ಸೂ ಅತ್ತ ವಾಲಿದೆ. ಈ ಮಾತಿಗೆ ಆಧಾರವಿದೆಯೇ? ಇದ್ದರೆ ಅಂಗಡಿಯಲ್ಲಿ ಸಿಗುವ ಯಾವುದಾದರೂ ಪ್ರೊಬಯಾಟಿಕ್ ಆದೀತೇ, ಅಥವಾ ನಾವು ದಿನವೂ ಊಟದಲ್ಲಿ ಬಳಸುವ ಮೊಸರು ಮಜ್ಜಿಗೆಯೇ ಸಾಕೇ? ತಿಳಿದವರು ದಯವಿಟ್ಟು ವಿವರವಾಗಿ ಬರೆಯಬೇಕು.

ಉತ್ತರ: ಬೆಳಗಾವಿಯ ವೈದ್ಯೆ, ಜಠರ ಮತ್ತು ಕರುಳಿನ ರೋಗಗಳ ವಿಭಾಗ

ಮೊದಲಿಗೆ ಒಂದು ಮಾತು: ನಿಮ್ಮ ತಮ್ಮ ಮೆಸಲಮೈನ್ ನಿಲ್ಲಿಸಬಾರದು. ರಕ್ತ ನಿಂತಿದೆ ಎಂದರೆ ರೋಗ ಹೋಗಿದೆ ಎಂದಲ್ಲ, ಔಷಧಿ ಅದನ್ನು ಹಿಡಿದಿಟ್ಟಿದೆ ಎಂದರ್ಥ. ರೋಗ ಶಮನದಲ್ಲಿದ್ದ ರೋಗಿಗಳ ಮೇಲೆ 2003ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ, ಮೆಸಲಮೈನನ್ನು ಸರಿಯಾಗಿ ತೆಗೆದುಕೊಳ್ಳದವರಲ್ಲಿ ರೋಗ ಮರುಕಳಿಸುವ ಅಪಾಯ ನಿಯಮಿತವಾಗಿ ತೆಗೆದುಕೊಂಡವರಿಗಿಂತ ಐದು ಪಟ್ಟು ಹೆಚ್ಚಿತ್ತು.

ಹಾಗೆಂದು ಬೀಗರ ಮಾತು ಪೂರಾ ಆಧಾರವಿಲ್ಲದ್ದೂ ಅಲ್ಲ. 1917ರಲ್ಲಿ, ಮೊದಲ ಮಹಾಯುದ್ಧದ ಕಾಲದಲ್ಲಿ, ಆಲ್ಫ್ರೆಡ್ ನಿಸ್ಲೆ ಎಂಬ ಜರ್ಮನ್ ವೈದ್ಯ, ಜೊತೆಗಾರರೆಲ್ಲ ಭೇದಿಯಿಂದ ನರಳುತ್ತಿದ್ದಾಗಲೂ ಆರೋಗ್ಯವಾಗಿದ್ದ ಸೈನಿಕನೊಬ್ಬನ ಮಲದಿಂದ ಇ. ಕೋಲೈನ ಒಂದು ತಳಿಯನ್ನು ಬೇರ್ಪಡಿಸಿದ. ಇ. ಕೋಲೈ ಎಂದರೆ ನಾವೆಲ್ಲ ರೋಗಾಣು ಎಂದೇ ತಿಳಿಯುತ್ತೇವೆ, ಆದರೆ ಈ ತಳಿ ನಿರುಪದ್ರವಿ. 2004ರಲ್ಲಿ ಪ್ರಕಟವಾದ, 327 ರೋಗಿಗಳು ಭಾಗವಹಿಸಿದ ಒಂದು ವರ್ಷದ ಪ್ರಯೋಗದಲ್ಲಿ, ಕೊಲೈಟಿಸ್ ಮರುಕಳಿಸದಂತೆ ತಡೆಯುವುದರಲ್ಲಿ ಇದು ಮೆಸಲಮೈನ್‌ಗೆ ಸರಿಸಮನಾಗಿ ನಿಂತಿತು. ಆದರೆ ಅಲ್ಲಿ ಫಲ ಕೊಟ್ಟದ್ದು ಆ ಒಂದು ತಳಿ, ಪ್ರೊಬಯಾಟಿಕ್ ಎಂದು ಮಾರಾಟವಾಗುವ ಎಲ್ಲವೂ ಅಲ್ಲ.

ನಮ್ಮ ದೇಶದ್ದೇ ಉದಾಹರಣೆ ಬೇಕೆಂದರೆ, ಲೂಧಿಯಾನಾದ ಅಜಿತ್ ಸೂದ್ ಮತ್ತು ಸಹೋದ್ಯೋಗಿಗಳು 2009ರಲ್ಲಿ ಪ್ರಕಟಿಸಿದ ಅಧ್ಯಯನವಿದೆ. ಸೌಮ್ಯ ಅಥವಾ ಮಧ್ಯಮ ಪ್ರಮಾಣದ ಕೊಲೈಟಿಸ್ ಇದ್ದ 147 ಜನರಲ್ಲಿ ಒಂದು ಗುಂಪಿಗೆ ಎಂಟು ತಳಿಗಳ ವಿಎಸ್ಎಲ್#3 ಮಿಶ್ರಣವನ್ನೂ ಇನ್ನೊಂದಕ್ಕೆ ಔಷಧಿಯಿಲ್ಲದ ಹುಸಿ ಪುಡಿಯನ್ನೂ ಕೊಟ್ಟರು. 12 ವಾರಗಳ ಕೊನೆಗೆ ಮೊದಲ ಗುಂಪಿನ ಶೇ. 42.9 ಮಂದಿಗೆ ರೋಗ ಶಮನವಾಗಿತ್ತು, ಎರಡನೆಯದರಲ್ಲಿ ಶೇ. 15.7 ಮಂದಿಗೆ. 2010ರ ಇಟಲಿಯ ಅಧ್ಯಯನದಲ್ಲಿ ಇದೇ ಮಿಶ್ರಣವನ್ನು ಕೊಟ್ಟಾಗ ರೋಗಿಗಳು ತಮ್ಮ ಎಂದಿನ ಔಷಧಿಗಳನ್ನು ಬಿಡದೆ ಜೊತೆಗೇ ತೆಗೆದುಕೊಳ್ಳುತ್ತಿದ್ದರು ಎಂಬುದನ್ನು ನಿಮ್ಮ ಬೀಗರ ಗಮನಕ್ಕೆ ತನ್ನಿ.

ಇಷ್ಟಾದರೂ ಒಟ್ಟು ಸಾಕ್ಷ್ಯ ಇನ್ನೂ ದುರ್ಬಲವಾಗಿದೆ. ಅಮೆರಿಕದ ಜಠರ-ಕರುಳು ತಜ್ಞರ ಸಂಘಟನೆಯಾದ ಎಜಿಎ 2020ರ ಮಾರ್ಗಸೂಚಿಯಲ್ಲಿ, ಕೊಲೈಟಿಸ್‌ಗಾಗಲಿ ಕರುಳಿನ ಇನ್ನೊಂದು ಉರಿಯೂತದ ರೋಗವಾದ ಕ್ರೋನ್ಸ್ ಕಾಯಿಲೆಗಾಗಲಿ ಪ್ರೊಬಯಾಟಿಕ್‌ಗಳನ್ನು ಸಂಶೋಧನಾ ಪ್ರಯೋಗಗಳ ಚೌಕಟ್ಟಿನಲ್ಲಿ ಮಾತ್ರ ಬಳಸಬೇಕೆಂದು ಹೇಳಿತು. ದೊಡ್ಡಕರುಳನ್ನು ಶಸ್ತ್ರಚಿಕಿತ್ಸೆಯಿಂದ ತೆಗೆದು ಸಣ್ಣಕರುಳಿನಿಂದ ಚೀಲ ರಚಿಸಿದವರಲ್ಲಿ ಆ ಚೀಲಕ್ಕೆ ಉರಿಯೂತ ಬಂದಾಗ ಮಾತ್ರ ಎಂಟು ತಳಿಗಳ ಮಿಶ್ರಣವನ್ನು ಷರತ್ತಿನೊಂದಿಗೆ ಸೂಚಿಸಿತು. ಯುರೋಪಿನ ಕೆಲವು ತಜ್ಞರು ಸೌಮ್ಯ ಕೊಲೈಟಿಸ್‌ನಲ್ಲಿ ಇದಕ್ಕಿಂತ ಉದಾರವಾಗಿದ್ದಾರೆ. ವೈದ್ಯರ ಗಮನಕ್ಕೆ ತಂದು, ಮೆಸಲಮೈನ್ ಜೊತೆಗೆ ಸೇರಿಸಿಕೊಳ್ಳುವುದಕ್ಕೆ ನನ್ನ ವಿರೋಧವಿಲ್ಲ, ಅದರ ಬದಲಿಗೆ ಎಂದರೆ ಖಂಡಿತ ವಿರೋಧವಿದೆ.

ಉತ್ತರ: ಜಮಖಂಡಿಯ ಔಷಧ ವಿತರಕ

ವೈದ್ಯೆಯವರ ಮಾತಿಗೆ ಅಂಗಡಿಯ ಕಡೆಯಿಂದ ಒಂದು ಲೆಕ್ಕ ಸೇರಿಸುತ್ತೇನೆ. ಲೂಧಿಯಾನಾದ ಅಧ್ಯಯನದಲ್ಲಿ ಕೊಟ್ಟ ಪ್ರಮಾಣ ದಿನಕ್ಕೆ ಎರಡು ಬಾರಿ, ಪ್ರತಿ ಬಾರಿ 3.6 ಲಕ್ಷ ಕೋಟಿ ಜೀವಂತ ಬ್ಯಾಕ್ಟೀರಿಯಾ. ಕೌಂಟರಿನಲ್ಲಿ ಜನ ಕೇಳಿ ಒಯ್ಯುವ ಕ್ಯಾಪ್ಸೂಲ್ ಮೇಲೆ 500 ಕೋಟಿ ಎಂದು ಬರೆದಿದ್ದರೆ, ಅಷ್ಟು ಪ್ರಮಾಣ ಮುಟ್ಟಲು ದಿನಕ್ಕೆ 1440 ಕ್ಯಾಪ್ಸೂಲ್ ನುಂಗಬೇಕಾಗುತ್ತದೆ! ತಳಿಗಳೇ ಬೇರೆಯಾಗಿದ್ದರೆ ಆ ಸಂಖ್ಯೆಗೂ ಅರ್ಥವಿಲ್ಲ. ನಮ್ಮ ಆಹಾರ ಸುರಕ್ಷತಾ ಪ್ರಾಧಿಕಾರದ ನಿಯಮದ ಪ್ರಕಾರ ಪ್ರೊಬಯಾಟಿಕ್ ಆಹಾರದಲ್ಲಿ ದಿನದ ಸೇವನೆಗೆ ಕನಿಷ್ಠ 10 ಕೋಟಿ ಇದ್ದರೆ ಸಾಕು. ಅದು ಆಹಾರಕ್ಕೆ ವಿಧಿಸಿದ ಮಿತಿ, ಕೊಲೈಟಿಸ್ ಚಿಕಿತ್ಸೆಯ ಪ್ರಮಾಣ ಅಲ್ಲ.

ಪೆಟ್ಟಿಗೆಯ ಹಿಂಬದಿಯನ್ನು ಓದಿ. ಲ್ಯಾಕ್ಟೋಬ್ಯಾಸಿಲಸ್ ಎಂದಷ್ಟೇ ಬರೆದಿದ್ದರೆ ಸಾಲದು, ಅದರ ಮುಂದೆ ತಳಿಯ ಗುರುತಿನ ಅಕ್ಷರ ಅಥವಾ ಅಂಕಿ ಇರಬೇಕು. ಹೆಸರನ್ನು ಮಾತ್ರ ನೆಚ್ಚಿಕೊಳ್ಳುವುದೂ ಸರಿಯಲ್ಲ, ಏಕೆಂದರೆ ಅಮೆರಿಕದಲ್ಲಿ 2016ರಿಂದೀಚೆಗೆ ವಿಎಸ್ಎಲ್#3 ಎಂಬ ಹೆಸರಿನಲ್ಲಿ ಬರುತ್ತಿರುವ ಮಿಶ್ರಣ ಹಿಂದಿನ ಅಧ್ಯಯನಗಳಲ್ಲಿ ಬಳಸಿದ ಮಿಶ್ರಣವಲ್ಲ. ಇನ್ನು ಫ್ರಿಜ್‌ನಲ್ಲಿ ಇಡಬೇಕೆಂದು ಬರೆದಿರುವ ಪ್ಯಾಕೆಟ್ಟನ್ನು ಏಪ್ರಿಲ್ ತಿಂಗಳ ವಿಜಯಪುರದ ಬಿಸಿಲಿನಲ್ಲಿ, 40 ಡಿಗ್ರಿ ದಾಟಿದಾಗ, ಬೈಕಿನ ಡಿಕ್ಕಿಯಲ್ಲಿಟ್ಟು ತೋಟಕ್ಕೆ ಒಯ್ದರೆ ಅದರಲ್ಲಿ ಜೀವಂತವಾಗಿ ಉಳಿಯುವುದು ಬಹಳ ಕಡಿಮೆ. ಬ್ಯಾಸಿಲಸ್ ಜಾತಿಯ ಬೀಜಾಣುಗಳು ಶಾಖವನ್ನು ತಾಳಿಕೊಳ್ಳುತ್ತವೆ ನಿಜ, ಆದರೆ ಮೇಲೆ ಹೇಳಿದ ಅಧ್ಯಯನಗಳು ಅವುಗಳ ಮೇಲೆ ನಡೆದವಲ್ಲ.

ಉತ್ತರ: ಇಳಕಲ್‌ನ ನೇಕಾರ

ನನಗೂ ಇದೇ ಕಾಯಿಲೆ, ಹಲವು ವರ್ಷಗಳಿಂದ. ಕುಣಿಮಗ್ಗದಲ್ಲಿ ಕಾಲು ಇಳಿಬಿಟ್ಟು ಕುಳಿತವನಿಗೆ, ಲಾಳಿ ಕೈಯಲ್ಲಿರುವಾಗಲೇ ಎದ್ದು ಓಡಬೇಕಾಗುವ ಅವಸರ ಏನೆಂಬುದು ಅನುಭವಿಸಿದವರಿಗೇ ಗೊತ್ತು. ವೈದ್ಯರಿಗೆ ತಿಳಿಸಿ, ಮಾತ್ರೆಯ ಜೊತೆಗೆ ಪ್ರೊಬಯಾಟಿಕ್ ತೆಗೆದುಕೊಂಡೆ. ಹೊಟ್ಟೆ ಉಬ್ಬರ ಕಡಿಮೆಯಾಯಿತು, ಆದರೆ ರಕ್ತ ನಿಂತದ್ದು ಮೆಸಲಮೈನ್ ಪ್ರಮಾಣವನ್ನು ವೈದ್ಯರು ಹೆಚ್ಚಿಸಿದ ಮೇಲೆಯೇ.

ಮೊಸರಿನ ಬಗ್ಗೆ ಕೇಳಿದ್ದೀರಿ. ಮನೆಯಲ್ಲಿ ಹೆಪ್ಪು ಹಾಕಿದ ಮೊಸರು ಒಳ್ಳೆಯ ಆಹಾರ, ಒಗ್ಗಿದರೆ ಅವಶ್ಯ ಊಟ ಮಾಡಲಿ. ಆದರೆ ಅದರಲ್ಲಿ ಯಾವ ಬ್ಯಾಕ್ಟೀರಿಯಾ ಎಷ್ಟಿದೆ ಎಂಬುದು ಮನೆಯಿಂದ ಮನೆಗೆ, ಹೆಪ್ಪಿನಿಂದ ಹೆಪ್ಪಿಗೆ ಬದಲಾಗುವುದರಿಂದ ಅದನ್ನು ಔಷಧಿಯ ಲೆಕ್ಕಕ್ಕೆ ಹಿಡಿಯಲಾಗದು. ಮಜ್ಜಿಗೆಯನ್ನು ಕುದಿಸಿದರೆ ಬ್ಯಾಕ್ಟೀರಿಯಾ ಸಾಯುತ್ತವೆ, ಜೋಳದ ಅಂಬಲಿಗೆ ಆರಿದ ಮೇಲೆ ಮಜ್ಜಿಗೆ ಬೆರೆಸಿದರೆ ಉಳಿಯುತ್ತವೆ. ರೋಗ ಕೆರಳಿದ ದಿನಗಳಲ್ಲಿ ಹಸಿ ಉಳ್ಳಾಗಡ್ಡಿ ಮತ್ತು ಶೇಂಗಾ ಚಟ್ನಿ ನನಗೆ ಆಗುವುದಿಲ್ಲ, ಮೆತ್ತಗೆ ಬೇಯಿಸಿದ ಅನ್ನ ಆಗುತ್ತದೆ. ನಿಮ್ಮ ತಮ್ಮನಿಗೆ ಯಾವುದು ಆಗುತ್ತದೆ ಎಂಬುದನ್ನು ಅವರೇ ಗಮನಿಸಿ ಬರೆದಿಟ್ಟುಕೊಳ್ಳಲಿ.

ಪ್ರಶ್ನೆ ಕೇಳಿದವರು

ಮೂವರಿಗೂ ಮನಃಪೂರ್ವಕ ಧನ್ಯವಾದ. ಈ ಉತ್ತರಗಳನ್ನು ತಮ್ಮನಿಗೆ ಓದಿ ಹೇಳಿದೆ, ಮಾತ್ರೆ ಬಿಡುವುದಿಲ್ಲ ಎಂದು ಒಪ್ಪಿದ್ದಾನೆ. ಇನ್ನೊಂದು ವಿಷಯವಿದೆ. ಇಂಡಿಯಲ್ಲಿರುವ ನಮ್ಮ ಸೋದರತ್ತೆಯ ಮಗನಿಗೆ ಕ್ರೋನ್ಸ್ ಇರಬಹುದು ಎಂದಿದ್ದಾರೆ. ಅವನಿಗೂ ಇದೇ ಮಾತು ಅನ್ವಯಿಸುತ್ತದೆಯೇ?

ಉತ್ತರ: ಬೆಳಗಾವಿಯ ವೈದ್ಯೆ

ಮಾತ್ರೆಯ ಜೊತೆಗೆ ಪ್ರೊಬಯಾಟಿಕ್ ಸೇರಿಸಿಕೊಳ್ಳಬಹುದೆಂಬ ಮಾತು ಅವರಿಗೆ ಅನ್ವಯಿಸುವುದಿಲ್ಲ. ಕ್ರೋನ್ಸ್ ಕಾಯಿಲೆಯಲ್ಲಿ ಪ್ರೊಬಯಾಟಿಕ್‌ಗಳಿಂದ ಪ್ರಯೋಜನವಾಗುತ್ತದೆ ಎನ್ನಲು ಗಟ್ಟಿ ಆಧಾರವಿಲ್ಲ. ಸ್ಯಾಕರೋಮೈಸಿಸ್ ಬೌಲಾರ್ಡಿ ಎಂಬ ಯೀಸ್ಟ್ ಮೇಲೆ 2013ರಲ್ಲಿ ಪ್ರಕಟವಾದ ದೊಡ್ಡ ಪ್ರಯೋಗದಲ್ಲೂ ರೋಗ ಮರುಕಳಿಸುವುದು ಕಡಿಮೆಯಾಗಲಿಲ್ಲ. ಅವರು ಆಸ್ಪತ್ರೆಯಲ್ಲಿ ದಾಖಲಾಗಿ ದೊಡ್ಡ ರಕ್ತನಾಳಕ್ಕೆ ಕೊಳವೆ ಹಾಕಿಸಿಕೊಂಡಿದ್ದರೆ, ಅಥವಾ ರೋಗನಿರೋಧಕ ಶಕ್ತಿ ತೀರ ಕುಗ್ಗಿದ್ದರೆ, ಆ ಯೀಸ್ಟ್ ರಕ್ತಕ್ಕೆ ಸೇರಿ ಸೋಂಕು ಉಂಟುಮಾಡಿದ ಪ್ರಕರಣಗಳಿವೆ. ಆದ್ದರಿಂದ ಯಾರೂ ಮನೆಯಿಂದ ತಂದು ಕೊಡಬಾರದು.

ನನಗೆ ಇದಕ್ಕಿಂತ ಮುಖ್ಯವೆನಿಸುವುದು 'ಇರಬಹುದು' ಎಂಬ ಆ ಮಾತು. ನಮ್ಮ ದೇಶದಲ್ಲಿ ಕರುಳಿನ ಕ್ಷಯ ಕ್ರೋನ್ಸ್‌ನಂತೆಯೇ ಕಾಣಿಸಿಕೊಳ್ಳುತ್ತದೆ: ಜ್ವರ, ತೂಕ ಇಳಿತ, ಹೊಟ್ಟೆಯ ಬಲಭಾಗದ ನೋವು, ಸಣ್ಣಕರುಳಿನ ತುದಿಯಲ್ಲಿ ಹುಣ್ಣು. ಕ್ಷಯವನ್ನು ಕ್ರೋನ್ಸ್ ಎಂದು ಭಾವಿಸಿ ಸ್ಟೀರಾಯ್ಡ್ ಕೊಟ್ಟರೆ ಕ್ಷಯ ಉಲ್ಬಣಿಸುತ್ತದೆ. ಬಯಾಪ್ಸಿಯ ವರದಿ, ಕ್ಷಯದ ಪರೀಕ್ಷೆಗಳು, ಎದೆಯ ಎಕ್ಸ್-ರೇ ಎಲ್ಲವನ್ನೂ ಹಿಡಿದುಕೊಂಡು ಅವರು ತಡಮಾಡದೆ ಕರುಳಿನ ತಜ್ಞರನ್ನು ಕಾಣಲಿ.