ವೀಣೆಯ ಮೈಕ್ ಏರಿಸಿದರೆ ಸಭಾಂಗಣವೆಲ್ಲ ಕೂಗುತ್ತದೆ, ಏನು ಮಾಡಲಿ?

ಪ್ರಶ್ನೆ
ಬನಶಂಕರಿಯ ನಮ್ಮ ಅಪಾರ್ಟ್‌ಮೆಂಟಿನ ಸಭಾಂಗಣದಲ್ಲಿ ಕಳೆದ ಭಾನುವಾರ ವೀಣಾ ಕಛೇರಿಯಿತ್ತು. ಧ್ವನಿವರ್ಧಕದ ಹೊಣೆ ನನ್ನದು. ವೀಣೆಗೊಂದು, ಮೃದಂಗಕ್ಕೊಂದು, ನಿರೂಪಣೆಗೆ ಎರಡು, ಒಟ್ಟು ನಾಲ್ಕು ಕಾರ್ಡಿಯಾಯ್ಡ್ (ಮುಖ್ಯವಾಗಿ ಎದುರಿನ ಸದ್ದನ್ನು ಹಿಡಿಯುವ) ಮೈಕ್. ‘ನನ್ನ ವೀಣೆ ನನಗೇ ಕೇಳಿಸುತ್ತಿಲ್ಲ’ ಎಂದು ಕಲಾವಿದೆ ಹೇಳಿದಾಗ ಮಾನಿಟರ್ (ಕಲಾವಿದರಿಗೇ ಕೇಳಿಸಲು ವೇದಿಕೆಯಲ್ಲಿಡುವ ಸ್ಪೀಕರ್) ಏರಿಸಿದೆ. ಮೊದಲು ಗುಂಯ್ ಎಂಬ ಸದ್ದು, ಆಮೇಲೆ ಕಿವಿ ಸೀಳುವ ಕೂಗು. ಈಕ್ವಲೈಸರ್‌ನಲ್ಲಿ ಏಳೆಂಟು ಪಟ್ಟಿಗಳನ್ನು (ಬೇರೆ ಬೇರೆ ಕಂಪನಾಂಕದ ಸದ್ದನ್ನು ಏರಿಳಿಸುವ ಗುಂಡಿಗಳನ್ನು) ಇಳಿಸಿದೆ. ಕೂಗು ನಿಂತಿತು, ಜೊತೆಗೆ ವೀಣೆಯ ನಾದವೂ ಹೋಯಿತು. ನೆಲ, ಗೋಡೆ ಎಲ್ಲ ಗ್ರಾನೈಟ್. ನವೆಂಬರಿನಲ್ಲಿ ರಾಜ್ಯೋತ್ಸವಕ್ಕೆ ಅವರೇ ಮತ್ತೆ ಬರುತ್ತಾರೆ. ಅವರಿಗೆ ಇನ್ನೊಮ್ಮೆ ಹೀಗಾಗಬಾರದು.

ಉತ್ತರ
ಮಾನಿಟರ್ ಎಲ್ಲಿತ್ತು? ಮೈಕ್ ವೀಣೆಯಿಂದ ಎಷ್ಟು ದೂರ?

ಪ್ರಶ್ನೆ ಕೇಳಿದವರು
ಮಾನಿಟರ್ ಕಲಾವಿದೆಯ ಬಲಕ್ಕೆ, ವೀಣೆಯ ದೊಡ್ಡ ಟೊಳ್ಳು ಕೊಡದ ಪಕ್ಕದಲ್ಲೇ. ಮೈಕ್ ಎದುರಿಗೆ, ಒಂದಡಿ ದೂರದಲ್ಲಿ.

ಉತ್ತರ
ತೊಂದರೆ ಅಲ್ಲೇ ಇದೆ. ಮಾನಿಟರಿನ ಸದ್ದು ಮತ್ತೆ ಮೈಕಿಗೆ ಹೊಕ್ಕು ಸುತ್ತಿ ಸುತ್ತಿ ಬೆಳೆದಾಗಲೇ ಕೂಗು ಹುಟ್ಟುವುದು. ಕಾರ್ಡಿಯಾಯ್ಡ್ ಮೈಕಿಗೆ ಪೂರ್ತಿ ಕಿವುಡಿರುವುದು ಬೆನ್ನಿನ ಕಡೆ ಮಾತ್ರ. ಪಕ್ಕದಿಂದ ಬಂದ ಸದ್ದು ಕೇವಲ 6 ಡೆಸಿಬಲ್ ತಗ್ಗುತ್ತದೆ. ಮಾನಿಟರನ್ನು ಮೈಕಿನ ನೇರ ಹಿಂದೆ, ಕಲಾವಿದೆಯ ಕಡೆಗೆ ಮುಖ ಮಾಡಿ ಇಡಿ. (ಸೂಪರ್‌ಕಾರ್ಡಿಯಾಯ್ಡ್ ಎಂಬ, ಎದುರಿನ ಸದ್ದನ್ನು ಇನ್ನೂ ಕಿರಿದಾಗಿ ಹಿಡಿಯುವ ಮೈಕ್ ತಂದರೆ ಈ ಲೆಕ್ಕ ಬದಲಾಗುತ್ತದೆ. ಅದು ಬೆನ್ನಿನಿಂದಲೂ ಸ್ವಲ್ಪ ಕೇಳಿಸಿಕೊಳ್ಳುತ್ತದೆ. ಮಾನಿಟರ್ ಹಿಂಬದಿಯ ಓರೆಯಲ್ಲಿರಬೇಕು.) ಕೊಡಕ್ಕೆ ಮಾನಿಟರ್ ಅಂಟಿಕೊಂಡಂತಿದ್ದರೆ ಕೊಡವೇ ಕಂಪಿಸಿ ಆ ಸದ್ದನ್ನು ಮೈಕಿಗೆ ಮರಳಿಸುತ್ತದೆ. ನಿಮ್ಮ ಗುಂಯ್ ಸದ್ದಿಗೆ ಅದೇ ಕಾರಣವಿರಬಹುದು.

ಮೈಕನ್ನು ಅರ್ಧ ಅಡಿಗೆ ತನ್ನಿ. ದೂರ ಅರ್ಧವಾದರೆ ವೀಣೆಯ ನೇರ ಸದ್ದು ಸುಮಾರು 6 ಡೆಸಿಬಲ್ ಹೆಚ್ಚು ಸಿಗುತ್ತದೆ, ಅಷ್ಟು ಗೇನ್ (ಮೈಕಿನ ಸದ್ದನ್ನು ಹಿಗ್ಗಿಸುವ ಪ್ರಮಾಣ) ಇಳಿಸಬಹುದು. ವಾದನದ ವೇಳೆ ನಿರೂಪಣೆಯ ಎರಡೂ ಮೈಕ್ ಆಫ್ ಆಗಿರಲಿ. ತೆರೆದ ಮೈಕ್‌ಗಳು ಅರ್ಧಕ್ಕಿಳಿದರೆ, ಕೂಗು ಬರುವ ಮುನ್ನ ಇನ್ನೂ ಸುಮಾರು 3 ಡೆಸಿಬಲ್ ಏರಿಸಲು ಅವಕಾಶ ಸಿಗುತ್ತದೆ. ಮುಖ್ಯ ಸ್ಪೀಕರ್‌ಗಳು ಮೈಕ್‌ಗಳಿಗಿಂತ ಮುಂದೆ, ಜನರ ಕಡೆಗೆ ತಿರುಗಿರಲಿ. ಗ್ರಾನೈಟ್ ಗೋಡೆಯ ಮೇಲೆ ದಪ್ಪ ಜಮಖಾನ ತೂಗುಹಾಕಿದರೂ ಕೀರಲು ಸದ್ದು ತಗ್ಗುತ್ತದೆ.

ಇಷ್ಟಾದ ಮೇಲೆಯೇ ಈಕ್ವಲೈಸರ್ ಮುಟ್ಟಿ. ಗೇನ್ ನಿಧಾನವಾಗಿ ಏರಿಸಿ, ಮೊದಲು ಯಾವ ಪಟ್ಟಿ ಗುನುಗುತ್ತದೋ ಅದನ್ನು ಮಾತ್ರ 3 ಡೆಸಿಬಲ್ ಇಳಿಸಿ. ಎರಡು ಮೂರು ಪಟ್ಟಿಗಳಿಗೆ ನಿಲ್ಲಿಸಿಬಿಡಿ. ಏಳೆಂಟು ಕತ್ತರಿಸಿದರೆ ಗಮಕದ ಎಳೆಯೇ ಕಾಣೆಯಾಗುತ್ತದೆ, ವೀಣೆಗೆ ಅದು ಅನ್ಯಾಯ.

ಪ್ರಶ್ನೆ ಕೇಳಿದವರು
ನಿನ್ನೆ ಸಂಜೆ ಪಕ್ಕದ ಮನೆಯವರ ವೀಣೆಯನ್ನಿಟ್ಟು ಪರೀಕ್ಷಿಸಿದೆ. ಮಾನಿಟರ್ ಜಾಗ ಬದಲಿಸಿದ್ದರಿಂದಲೇ ಕೂಗು ನಿಂತಿತು. 250 ಹರ್ಟ್ಸ್ ಒಂದನ್ನೇ ಇಳಿಸಬೇಕಾಯಿತು. ಮಂದ್ರದ ತಂತಿ ಹಿಂದಿನ ಸಾಲಿನವರೆಗೂ ಕೇಳಿಸಿತು.